ಎಂಟು ನಿಮಿಷದ ನಿಯಮ

ಮಂಗಳವಾರ, ಮಧ್ಯಾಹ್ನ
ಕನ್ನಡಕದ ಅಂಗಡಿಯಿಂದ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ಕ್ಷೇಮ ಎಂದು ಶುರುಮಾಡೋಣವೆಂದು ಪೆನ್ನು ಹಿಡಿದೆ, ಆ ಪದ ಕಾಗದದ ಮೇಲೆ ಇಳಿಯಲಿಲ್ಲ. ನೀವೂ ಕ್ಷೇಮವಾಗಿಲ್ಲವೆಂದು ಗೊತ್ತು. ಮೂರು ವಾರದಿಂದ ಫೋನ್ ಮಾಡಿದಾಗಲೆಲ್ಲ ಅಕ್ಕನೇ ಎತ್ತಿಕೊಂಡು, ಅವರು ಮಲಗಿದಾರೆ ಕಣೋ, ಎದ್ದ ಮೇಲೆ ಹೇಳ್ತೀನಿ ಎನ್ನುತ್ತಾಳೆ. ಬೆಳಗ್ಗೆ ಹತ್ತಕ್ಕೂ ಮಲಗಿರುತ್ತೀರಿ, ಸಂಜೆ ಐದಕ್ಕೂ ಮಲಗಿರುತ್ತೀರಿ. ಹತ್ತೊಂಬತ್ತು ವರ್ಷದಲ್ಲಿ ನೀವು ಹಗಲು ಹೊತ್ತು ಮಲಗಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಈ ಪತ್ರ. ಇದನ್ನು ಓದುವುದಕ್ಕೆ ನೀವು ನನ್ನ ಜೊತೆ ಮಾತಾಡಬೇಕಾಗಿಲ್ಲ.

ವಿಷಯಕ್ಕೆ ನೇರವಾಗಿ ಬರುತ್ತೇನೆ. ನಾಡಿದ್ದು ಗುರುವಾರ ಹನ್ನೊಂದು ಗಂಟೆಗೆ ರೇಸ್ ಮಂಡಳಿಯ ವಿಚಾರಣೆ. ಕಾರು ಓಡಿಸುತ್ತಿದ್ದ ನಮ್ಮ ಅಳಿಲು, ಆ ಹುಡುಗಿ, ಸತ್ತದ್ದಕ್ಕೆ ಹೊಣೆ ಯಾರೆಂದು ಅಲ್ಲಿ ತೀರ್ಮಾನವಾಗುತ್ತದೆ. ನೀವು ಟ್ರ್ಯಾಕನ್ನು ಪೂರ್ತಿ ಪರೀಕ್ಷೆ ಮಾಡದೆ ಹಸಿರು ಬಟ್ಟೆ ತೋರಿಸಿದಿರಿ, ಇನ್ನಷ್ಟು ಸಮಯ ಬೇಕೆಂದು ಕೇಳಲೇ ಇಲ್ಲ ಎಂದು ಮಂಡಳಿ ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿದೆ. ನೀವು ಕೇಳಿದಿರಿ ಎಂದು ಹೇಳಬಲ್ಲವನು ಒಬ್ಬನೇ, ಅವನು ನಾನು. ಅಂದು ಗ್ಯಾಲರಿಯಲ್ಲಿದ್ದ ನಾಲ್ಕು ಸಾವಿರ ಜನರ ಕಣ್ಣು ಕಾರುಗಳ ಮೇಲಿತ್ತು. ನನ್ನ ದುರ್ಬೀನು ನಿಮ್ಮ ಮೇಲಿತ್ತು. ಯಾಕೆ ಎಂಬುದನ್ನು ಮುಂದೆ ಬರೆಯುತ್ತೇನೆ, ಅದೇನೂ ಹೆಮ್ಮೆಯ ವಿಷಯವಲ್ಲ.

ನಿಮಗೆ ಗೊತ್ತಿರುವುದನ್ನೇ ನಿಮಗೆ ಬರೆಯುತ್ತಿದ್ದೇನೆ ಎಂದು ಬೇಸರ ಮಾಡಿಕೊಳ್ಳಬೇಡಿ. ಗುರುವಾರ ಬಾಯಿ ಬಿಟ್ಟು ಹೇಳಬೇಕಾದದ್ದನ್ನು ಇಲ್ಲಿ ಒಮ್ಮೆ ಬರೆದು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಎದುರಿಗೆ ಜನ ಕೂತರೆ ನನ್ನ ನಾಲಿಗೆ ಎಷ್ಟು ಉದ್ದವಾಗುತ್ತದೋ ಸತ್ಯ ಅಷ್ಟು ಗಿಡ್ಡವಾಗುತ್ತದೆ ಎಂದು ನೀವೇ ಒಮ್ಮೆ ಹೇಳಿದ್ದಿರಿ.

ಅಕ್ಕನ ಮದುವೆಯ ಹೊಸದರಲ್ಲಿ ನಾನು ನಿಮ್ಮ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಇಪ್ಪತ್ತೆರಡು ವರ್ಷದ ಕತ್ತೆ, ಅಕ್ಕನನ್ನು ಯಾರೋ ಬಂದು ಕರೆದುಕೊಂಡು ಹೋದರೆಂಬ ಹೊಟ್ಟೆಕಿಚ್ಚು. ನೀವು ಒಂದು ಭಾನುವಾರ ನನ್ನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋದಿರಿ. ಆಗ ನೀವು ಅಲ್ಲಿ ಪೊರಕೆ ಹಿಡಿಯುವ ಕೆಲಸದಲ್ಲಿದ್ದಿರಿ. ಎರಡು ಕಾರು, ಒಂದು ನೇರ ದಾರಿ, ಕಾಲು ಮೈಲಿ, ದೀಪ ಹಸಿರಾದರೆ ಹೊರಡುವುದು, ಇಷ್ಟೇನಾ ಎಂದು ನಾನು ಮೂಗು ಮುರಿದೆ. ಮೊದಲ ಜೋಡಿ ಹೊರಟಾಗ ಕೂತ ಹಲಗೆ ಅದುರಿತು, ಎದೆ ಅದುರಿತು, ಬಾಯಲ್ಲಿದ್ದ ಕಡಲೆಕಾಯಿ ಅಗಿಯುವುದನ್ನೇ ಮರೆತೆ. ನೀವು ಪೊರಕೆಗೆ ಒರಗಿ ನಿಂತು ನನ್ನ ಮುಖ ನೋಡಿ ನಕ್ಕಿರಿ. ಅಂದಿನಿಂದ ನನಗೆ ಹುಚ್ಚು ಹಿಡಿಯಿತು, ನಿಮಗೆ ಮೈದುನ ಸಿಕ್ಕಿದ.

ಆ ಹುಚ್ಚಿಗೆ ಮಂಡಳಿಯವರು ಏನು ಮಾಡಿದರೆಂಬುದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಕಾಲು ಮೈಲಿಯನ್ನು ಸಾವಿರ ಅಡಿಗೆ ಇಳಿಸಿದರು. ಜೀವ ಉಳಿಯಲಿ ಎಂದು ನಾವೂ ಒಪ್ಪಿಕೊಂಡೆವು. ಆಮೇಲೆ ನೋಡಿದರೆ ಉಳಿದ ಜಾಗದ ಪಕ್ಕಕ್ಕೆ ಪ್ರಾಯೋಜಕರ ತಂಪು ಡೇರೆ ಎದ್ದು ನಿಂತಿತ್ತು. ಅಂಕ ಕೊಡುವ ಲೆಕ್ಕಾಚಾರವನ್ನು ಹಂಗಾಮಿನ ನಡುವೆಯೇ ಬದಲಾಯಿಸಿದರು. ಆಡುತ್ತಿರುವಾಗ ಆಟದ ನಿಯಮ ತಿದ್ದುವುದು ಮಕ್ಕಳಿಗೂ ಗೊತ್ತಿರುವ ಮೋಸ. ದೊಡ್ಡ ತಂಡಗಳಿಗೆ ಬಿಸಿಲಿನಲ್ಲಿ ಟ್ರ್ಯಾಕ್ ಚೆನ್ನಾಗಿ ಅಂಟುವ ಹೊತ್ತು, ಮನೆಯ ಷೆಡ್ಡಿನಲ್ಲಿ ಕಾರು ಕಟ್ಟಿದವರಿಗೆ ಸಂಜೆ ನೆಲ ತಣ್ಣಗಾದ ಮೇಲಿನ ಹೊತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಾಯಿಸುವುದು. ಟೀವಿಯವರ ಜಾಹೀರಾತು ಮುಗಿಯುವವರೆಗೆ ಕಾರುಗಳನ್ನು ಗೆರೆಯ ಹಿಂದೆ ನಿಲ್ಲಿಸಿ, ನಮಗೆ ಮಾತ್ರ ತಾಂತ್ರಿಕ ಕಾರಣ ಎನ್ನುವುದು. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ ಅಪ್ಪಂದಿರು ಕೂಸು ನಿದ್ದೆ ಹೋದ ಮೇಲೂ ಕಾದದ್ದನ್ನು ನಾನು ನೋಡಿದ್ದೇನೆ. ಹನ್ನೊಂದು ವರ್ಷ ಅಭಿಮಾನಿ ಸಂಘದ ಹೆಸರಿನಲ್ಲಿ ಅರ್ಜಿ ಬರೆದೆ. ಮಂಡಳಿಯಲ್ಲಿ ನಮ್ಮವನೊಬ್ಬನಿಗೆ ಒಂದು ಕುರ್ಚಿ ಕೊಡಿ ಎಂದು ಪ್ರತಿ ವರ್ಷ ಕೇಳಿದೆ. ಒಂದಕ್ಕೂ ಉತ್ತರ ಬರಲಿಲ್ಲ.

ಕಾಲು ಬಡಿಯುವುದನ್ನು ಕಂಡುಹಿಡಿದದ್ದು ಅದಕ್ಕೇ. ಕಬ್ಬಿಣದ ಹಲಗೆಯ ಮೇಲೆ ಸಾವಿರಾರು ಜನ ಒಂದೇ ತಾಳಕ್ಕೆ ಕಾಲು ಬಡಿದರೆ ಟೀವಿಯವರ ಮೈಕಿಗೆ ಬೇರೇನೂ ಕೇಳಿಸುವುದಿಲ್ಲ. ಹನ್ನೊಂದನೆಯ ಸಾಲಿನಿಂದ ನಾನು ಶುರುಮಾಡುತ್ತಿದ್ದೆ, ಎರಡು ನಿಮಿಷದಲ್ಲಿ ಇಡೀ ಗ್ಯಾಲರಿ ಹಿಡಿದುಕೊಳ್ಳುತ್ತಿತ್ತು. ಅದು ನಮ್ಮ ಕೈಯಲ್ಲಿದ್ದ ಒಂದೇ ಆಯುಧ. ನ್ಯಾಯವಾದ ಆಯುಧ ಎಂದು ಈಗಲೂ ಹೇಳುತ್ತೇನೆ, ಆದರೆ ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಎರಡು ವರ್ಷದ ಹಿಂದೆ ಮಂಡಳಿ ಅದಕ್ಕೊಂದು ಉಪಾಯ ಹುಡುಕಿತು. ತಡವಾದಾಗಲೆಲ್ಲ ಧ್ವನಿವರ್ಧಕದಲ್ಲಿ ಟ್ರ್ಯಾಕ್ ಪರೀಕ್ಷೆ ನಡೆಯುತ್ತಿದೆ, ದಯವಿಟ್ಟು ಸಹಕರಿಸಿ ಎಂದು ಹೇಳತೊಡಗಿತು. ಟ್ರ್ಯಾಕ್ ಪರೀಕ್ಷೆ ಎಂದರೆ ನೀವು. ಯಾವುದಾದರೂ ಕಾರು ಎಣ್ಣೆ ಚೆಲ್ಲಿದರೆ, ಪುಡಿ ಹಾಕಿ ಒರೆಸಿ, ಚಕ್ರ ಜಾರದಿರಲೆಂದು ಮತ್ತೆ ಅಂಟು ಬಳಿದ ಮೇಲೆ, ಆ ಹಳೆಯ ಬೂಟು ಹಾಕಿಕೊಂಡು ಎರಡೂ ಓಣಿಗಳ ಉದ್ದಕ್ಕೂ ನೀವು ನಡೆಯಬೇಕು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಿಮ್ಮಡಿ ತಿರುಗಿಸಿ, ಪಾದ ಎತ್ತುವಾಗ ಅಡಿ ಬಿಡಿಸಿಕೊಳ್ಳುವ ಸದ್ದು ಕೇಳಬೇಕು. ಚರಕ್ ಎಂದರೆ ನೆಲ ಹಿಡಿಯುತ್ತದೆ, ಚಪ್ ಎಂದರೆ ಇನ್ನೂ ಎಣ್ಣೆಯಿದೆ. ಅದಕ್ಕೆಂದು ಮಂಡಳಿ ತಂದ ಯಂತ್ರಕ್ಕಿಂತ ನಿಮ್ಮ ಕಿವಿ ಮೇಲು ಎಂದು ಓಡಿಸುವವರೇ ಹೇಳುತ್ತಿದ್ದರು. ಮೊದಲು ಇಬ್ಬರಿದ್ದಿರಿ, ಓಣಿಗೊಬ್ಬರು. ಇನ್ನೊಬ್ಬರನ್ನು ಮನೆಗೆ ಕಳಿಸಿ ಎರಡೂ ಓಣಿ ನಿಮಗೇ ಬಿಟ್ಟರು. ಆಗಲೇ ನಡಿಗೆ ಇಪ್ಪತ್ತು ನಿಮಿಷಕ್ಕೆ ಏರಿದ್ದು. ಇದು ನನಗೆ ಗೊತ್ತಿತ್ತು. ನಿಮ್ಮ ಮನೆಯ ಜಗಲಿಯಲ್ಲಿ ಕೂತು ನೀವೇ ಹೇಳಿದ್ದಿರಿ.

ಗೊತ್ತಿದ್ದೂ ನಿಮಗೆ ಬಸವನಹುಳು ಎಂದು ಹೆಸರಿಟ್ಟವನು ನಾನು. ನಿಮ್ಮ ಮುಖಕ್ಕೆ ನಾನೆಂದೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಭಾವನನ್ನು ಮೈದುನ ಛೇಡಿಸುವುದು ಇದ್ದದ್ದೇ ಎಂದು ಒಂದು ದಿನ ಪಕ್ಕದಲ್ಲಿದ್ದ ನಮ್ಮ ಸಂಘದ ಬೇಕರಿಯವನಿಗೆ ಹೇಳಿ ನಕ್ಕೆ. ಮುಂದಿನ ತಿಂಗಳು ಇಡೀ ಗ್ಯಾಲರಿ ಕೂಗುತ್ತಿತ್ತು. ಬಸವನಹುಳು, ನಡಿ ಬೇಗ, ಮನೇಲಿ ಅನ್ನ ಆರ್ತಾ ಇದೆ ಎಂದು ಮಕ್ಕಳೂ ಕೂಗುತ್ತಿದ್ದವು. ನೀವು ತಲೆ ತಗ್ಗಿಸಿ ನಡೆಯುತ್ತಿದ್ದಿರಿ. ಆ ವಾರ ನಾನು ನಿಮ್ಮಲ್ಲಿಗೆ ಊಟಕ್ಕೆ ಬಂದಾಗ ಅಕ್ಕ, ಯಾರೋ ಇವರನ್ನ ಏನೇನೋ ಕೂಗ್ತಾರಂತೆ, ನೀನು ಸಂಘದ ಅಧ್ಯಕ್ಷ ಅಲ್ವಾ, ನಿಲ್ಲಿಸೋಕಾಗಲ್ವಾ ಎಂದು ಕೇಳಿದಳು. ಜನರ ಬಾಯಿ ಯಾರು ಕಟ್ಟೋಕಾಗುತ್ತೆ ಎಂದೆ. ನೀವು ಹುಳಿ ಬಡಿಸಿಕೊಂಡಿರಿ.

ಹೋದ ವರ್ಷದ ಅರ್ಜಿಯ ಸಂಗತಿ ಅದಕ್ಕಿಂತ ಕೆಟ್ಟದ್ದು. ಅದಕ್ಕೆ ನಾಲ್ಕು ಸಾವಿರ ಸಹಿ ಬಿದ್ದಿತ್ತು. ಬೇಡಿಕೆ ಒಂಬತ್ತು. ಜಾಹೀರಾತಿಗಾಗಿ ಕಾಯಿಸಬೇಡಿ, ಸಣ್ಣ ತಂಡಗಳಿಗೂ ಬಿಸಿಲಿನ ಹೊತ್ತು ಕೊಡಿ, ನಿಯಮಗಳನ್ನು ನಡುವೆ ಬದಲಿಸಬೇಡಿ, ಹೀಗೆ. ಟ್ರ್ಯಾಕ್ ನಡಿಗೆಗೆ ಕಾಲಮಿತಿ ಹಾಕಿ ಎಂಬುದು ನಾಲ್ಕನೆಯದು. ಸಭೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅಂತಿಮ ಪ್ರತಿ ಬರೆಯುವಾಗ ನಾನೇ ಸೇರಿಸಿದೆ. ಯಾಕೆಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಜನ ನಗುವ ಮಾತೊಂದು ಇರಲಿ ಎಂದು ಸೇರಿಸಿದೆನೋ, ಭಾವನೆಂದು ಪಕ್ಷಪಾತ ಮಾಡುವುದಿಲ್ಲ ಎಂದು ತೋರಿಸಿಕೊಳ್ಳಲು ಸೇರಿಸಿದೆನೋ, ತಿಳಿಯದು. ಒಂಬತ್ತರಲ್ಲಿ ಮಂಡಳಿ ಒಪ್ಪಿಕೊಂಡದ್ದು ಅದೊಂದನ್ನೇ. ಅದಕ್ಕೆ ಖರ್ಚಿರಲಿಲ್ಲ, ಟೀವಿಯವರಿಗೂ ಖುಷಿ. ನಡಿಗೆ ಎಂಟು ನಿಮಿಷ ಮೀರುವಂತಿಲ್ಲ ಎಂದು ಸುತ್ತೋಲೆ ಬಂತು. ಅಭಿಮಾನಿಗಳ ಕೋರಿಕೆಯ ಮೇರೆಗೆ ಎಂದು ಅದರ ತಲೆಯಲ್ಲೇ ಅಚ್ಚು ಹಾಕಿದ್ದರು. ನಾವು ಗೆದ್ದೆವೆಂದು ಅಂಗಡಿಯಲ್ಲಿ ಲಡ್ಡು ಹಂಚಿದೆ. ಅದರಲ್ಲಿ ಎರಡು ನಿಮ್ಮ ಮನೆಗೂ ಕಳಿಸಿದ್ದೆ.

ಈಗ ಆ ಭಾನುವಾರದ್ದು.

ಅಳಿಲು ಓಡುವ ದಿನವೆಂದು ಗ್ಯಾಲರಿ ತುಂಬಿತ್ತು. ಆ ಹೆಸರೂ ನಾವಿಟ್ಟದ್ದೇ, ಅದರಲ್ಲಿ ಮಾತ್ರ ಪ್ರೀತಿಯಿತ್ತು. ವಾರವಿಡೀ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಭಾನುವಾರ ಕಾರು. ಬಿಡಿಭಾಗಗಳನ್ನು ಅವಳಪ್ಪ ತನ್ನ ಲೇತ್ ಮೆಷಿನ್ನಿನಲ್ಲಿ ಕಡೆದು ಕೊಡುತ್ತಿದ್ದ. ಕನ್ನಡಕ ಮಾಡಿಸಲು ಒಮ್ಮೆ ನನ್ನ ಅಂಗಡಿಗೂ ಬಂದಿದ್ದಳು. ಎಡಗಣ್ಣಿಗೆ ಮಾತ್ರ ಸ್ವಲ್ಪ ಪವರ್. ಹೆಲ್ಮೆಟ್ಟಿನೊಳಗೆ ಕೂರುವಂಥ ಫ್ರೇಮ್ ಬೇಕಣ್ಣ, ಬಾಗಿದರೂ ಮುರೀಬಾರದು ಎಂದಳು. ಅಂಥದ್ದನ್ನು ಹುಡುಕಿ ಕೊಟ್ಟೆ. ಅವಳು ಸೆಮಿಫೈನಲಿಗೆ ಬಂದದ್ದು ಇದೇ ಮೊದಲು, ಎದುರಿಗೆ ದೊಡ್ಡ ತಂಡದ ಕಾರು. ಸಂಜೆ ಐದೂವರೆ, ಬಿಸಿಲು ಗ್ಯಾಲರಿಯ ಹಿಂದಕ್ಕೆ ಇಳಿದು ಟ್ರ್ಯಾಕಿನ ಮೇಲೆ ನೆರಳು ಬಿದ್ದಿತ್ತು.

ಅವರಿಗಿಂತ ಮುಂಚಿನ ಜೋಡಿಯಲ್ಲಿ ಒಂದು ಕಾರು ಬಲ ಓಣಿಯ ಕೊನೆಯಲ್ಲಿ ಎಣ್ಣೆ ಚೆಲ್ಲಿತು. ಒರೆಸಿದರು, ಬಳಿದರು. ಅಷ್ಟಾದ ಮೇಲೂ ಇಪ್ಪತ್ತೈದು ನಿಮಿಷ ಯಾರೂ ಟ್ರ್ಯಾಕಿಗೆ ಇಳಿಯಲಿಲ್ಲ. ಟೀವಿಯಲ್ಲಿ ಆಗ ಬೇರೇನೋ ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. ಧ್ವನಿವರ್ಧಕ ಮಾತ್ರ ಟ್ರ್ಯಾಕ್ ಪರೀಕ್ಷೆ ಎನ್ನುತ್ತಲೇ ಇತ್ತು. ನೀವು ಟ್ರ್ಯಾಕಿನ ಆ ತುದಿಯಲ್ಲಿ ಸುಮ್ಮನೆ ನಿಂತಿದ್ದಿರಿ, ನಿಮ್ಮನ್ನು ಬಿಟ್ಟಿರಲಿಲ್ಲ. ಬಿಟ್ಟ ಕೂಡಲೇ ನಾನು ಕಾಲು ಬಡಿಯಲು ಶುರುಮಾಡಿದೆ. ಎಂಟು ನಿಮಿಷದಲ್ಲಿ ನೀವು ಎಷ್ಟು ಹೆಜ್ಜೆ ಹಾಕುತ್ತೀರೆಂದು ಬೇಕರಿಯವನಿಗೂ ನನಗೂ ಪಂದ್ಯ ಕಟ್ಟಿತ್ತು. ದುರ್ಬೀನು ನಿಮ್ಮ ಮೇಲಿದ್ದದ್ದು ಅದಕ್ಕೆ. ಬೇಕರಿಯವನ ಬರಿಗಣ್ಣಿಗೆ ಅಷ್ಟು ದೂರ ಕಾಣದು, ಎಣಿಸುವವನು ನಾನೊಬ್ಬನೇ.

ಯಾವಾಗಿನಂತೆ ಮೊದಲು ಎಡ ಓಣಿಯನ್ನು ಆ ತುದಿಯಿಂದ ಗೆರೆಯವರೆಗೆ ಪೂರ್ತಿ ನಡೆದಿರಿ. ಬಲ ಓಣಿಯನ್ನು ಈ ತುದಿಯಿಂದ ಶುರುಮಾಡಿ ಅರ್ಧಕ್ಕೆ ಬಂದಿರಿ. ಅಲ್ಲಿ ನಿಂತು ಹಿಮ್ಮಡಿ ತಿರುಗಿಸಿದಿರಿ, ಎತ್ತಿದಿರಿ, ಮತ್ತೆ ಇಟ್ಟಿರಿ. ನಾವು ಬಡಿಯುತ್ತಿದ್ದ ಗದ್ದಲದಲ್ಲಿ ನಿಮಗೆ ನಿಮ್ಮ ಬೂಟಿನ ಸದ್ದು ಕೇಳಿಸುತ್ತಿಲ್ಲ ಎಂಬುದು ನನಗೆ ಅಷ್ಟು ದೂರದಿಂದಲೂ ಗೊತ್ತಾಯಿತು. ಬೆಲ್ಟಿನ ವಾಕಿಟಾಕಿ ತೆಗೆದು ಬಾಯಿಗೆ ಹಿಡಿದು ಮಾತಾಡಿದಿರಿ. ಆ ಧ್ವನಿಮುದ್ರಣ ಕೆಟ್ಟುಹೋಗಿದೆ ಎಂದು ಈಗ ಮಂಡಳಿ ಹೇಳುತ್ತಿದೆ, ಬೇಕಾದದ್ದೆಲ್ಲ ಬೇಕಾದಾಗ ಕೆಡುತ್ತದೆ. ಆಮೇಲೆ ನೀವು ಗ್ಯಾಲರಿಯ ಕಡೆ ತಿರುಗಿದಿರಿ. ಹನ್ನೊಂದನೆಯ ಸಾಲಿನ ಕಡೆ. ಕೈ ಎತ್ತಿ ಎರಡು ಬೆರಳು ತೋರಿಸಿದಿರಿ. ಇನ್ನು ಎರಡು ನಿಮಿಷ.

ಇಲ್ಲಿಯವರೆಗಿನದ್ದನ್ನು ಗುರುವಾರ ಹೇಳುತ್ತೇನೆ. ಇದರ ಮುಂದಿನದ್ದು ಸಭೆಗೆ ಬೇಕಾಗಿಲ್ಲ, ನಿಮಗೆ ಬೇಕು. ನನಗೆ ಅರ್ಥವಾಯಿತು ಭಾವ. ಅರ್ಥವಾಗಲಿಲ್ಲವೆಂದು ಮೂರು ವಾರ ನನಗೆ ನಾನೇ ಹೇಳಿಕೊಂಡೆ. ನಾನು ಕಾಲು ನಿಲ್ಲಿಸಿದ್ದರೆ ನನ್ನ ಸಾಲು ನಿಲ್ಲಿಸುತ್ತಿತ್ತು, ಸಾಲು ನಿಂತಿದ್ದರೆ ಗ್ಯಾಲರಿ ನಿಲ್ಲುತ್ತಿತ್ತು. ನಿಮಗೆ ಬೇಕಾಗಿದ್ದದ್ದು ಅಷ್ಟೇ. ನಾನು ಬೇಕರಿಯವನ ಪಕ್ಕೆಗೆ ತಿವಿದು, ನೋಡೋ, ನಮ್ಮ ಭಾವ ಇನ್ನೂ ಎರಡು ನಿಮಿಷ ಕೇಳ್ತಿದಾರೆ ಎಂದು ನಕ್ಕು ಇನ್ನೂ ಜೋರಾಗಿ ಬಡಿದೆ. ಕೆಂಪು ಅಂಗಿಯ ಮೇಲ್ವಿಚಾರಕ ಗೆರೆಯಿಂದ ಕೈ ಬೀಸುತ್ತಿದ್ದ. ನೀವು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ ಹಸಿರು ಬಟ್ಟೆ ಎತ್ತಿದಿರಿ. ನಾವು ಗೆದ್ದವರ ಹಾಗೆ ಕೇಕೆ ಹಾಕಿದೆವು.

ಹಿಂದಿನ ಸುತ್ತಿನಲ್ಲಿ ಬೇಗ ಓಡಿದ್ದರಿಂದ ಓಣಿ ಆರಿಸುವ ಹಕ್ಕು ದೊಡ್ಡ ತಂಡದ್ದು. ನೀವು ಯಾವ ಓಣಿಯನ್ನು ಪೂರ್ತಿ ನಡೆದಿರೆಂದು ಅವರು ನೋಡಿಕೊಂಡಿದ್ದರು, ಎಡ ತೆಗೆದುಕೊಂಡರು. ಅಳಿಲಿಗೆ ಬಲ. ಹೊರಟಾಗ ಅವಳು ಮುಂದಿದ್ದಳು. ಕೊನೆಯ ಇನ್ನೂರು ಅಡಿಯಲ್ಲಿ ಹಿಂದಿನ ಚಕ್ರಗಳು ಹಿಡಿತ ಬಿಟ್ಟು ಕಾರು ಅಡ್ಡ ತಿರುಗಿ ಗೋಡೆಗೆ ಹೋಯಿತು. ಅವಳಪ್ಪ ಗೆರೆಯಿಂದ ಟ್ರ್ಯಾಕಿನ ಉದ್ದಕ್ಕೂ ಓಡಿದ. ಆ ಮನುಷ್ಯನಿಗೆ ಮಂಡಿ ನೋವು, ಅಷ್ಟು ದೂರ ಓಡಲಾರದೆ ನಡುವೆ ಎರಡು ಸಲ ನಿಂತ. ಆ ಹೊತ್ತಿಗೆ ಗ್ಯಾಲರಿಯಲ್ಲಿ ಒಂದು ಕಾಲೂ ಅಲುಗುತ್ತಿರಲಿಲ್ಲ. ಆಂಬುಲೆನ್ಸ್ ಗೇಟು ದಾಟುವ ಮೊದಲೇ ಅವಳ ಜೀವ ಹೋಗಿತ್ತೆಂದು ಆಮೇಲೆ ಹೇಳಿದರು.

ಹೋದ ಶುಕ್ರವಾರ ಮಂಡಳಿಯ ಕಾರ್ಯದರ್ಶಿ ನನ್ನ ಅಂಗಡಿಗೆ ಬಂದಿದ್ದ. ಕಣ್ಣು ಪರೀಕ್ಷೆಯ ಸ್ಟೂಲಿನ ಮೇಲೆ ಕೂತು, ಎರಡು ಫ್ರೇಮು ಹಾಕಿಕೊಂಡು ಕನ್ನಡಿ ನೋಡಿಕೊಂಡ. ಅಭಿಮಾನಿಗಳಿಗೆ ಮಂಡಳಿಯಲ್ಲಿ ಒಂದು ಸ್ಥಾನ ಕೊಡಲು ಅಧ್ಯಕ್ಷರು ಮನಸ್ಸು ಮಾಡಿದ್ದಾರೆ, ಅದಕ್ಕೆ ನೀವೇ ಸರಿ ಎಂದ. ಆಮೇಲೆ, ಸುಳ್ಳು ಹೇಳಿ ಅಂತ ಯಾರೂ ಹೇಳ್ತಿಲ್ಲ ನೋಡಿ, ಎಲ್ಲರೂ ಕಾರನ್ನ ನೋಡ್ತಿದ್ರು, ನೀವೂ ಕಾರನ್ನೇ ನೋಡ್ತಿದ್ರಿ, ಅಷ್ಟೇ ತಾನೆ ಎಂದ. ಕಾಲು ಬಡಿದದ್ದು, ನಾಲ್ಕನೆಯ ಬೇಡಿಕೆ, ಇವೆಲ್ಲ ಸಭೆಯಲ್ಲಿ ಎದ್ದರೆ ಆ ಹುಡುಗಿಯನ್ನು ಅವಳ ಅಭಿಮಾನಿಗಳೇ ಕೊಂದರೆಂದು ಪತ್ರಿಕೆಯವರು ಬರೆಯುತ್ತಾರೆ, ಸಂಘಕ್ಕೆ ಅದು ಬೇಕಾ ಎಂದೂ ಕೇಳಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ. ಅವನ ಮುಖಕ್ಕೆ ಉಗಿದು ಕಳಿಸಿದೆ ಎಂದು ಬರೆಯಲು ಆಸೆ. ಯೋಚಿಸಿ ಹೇಳುತ್ತೇನೆ ಎಂದೆ, ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟೆ.

ನಾಲ್ಕು ದಿನ ಯೋಚಿಸಿದೆ. ನಾನು ಸುಮ್ಮನಿದ್ದರೆ ನಿಮ್ಮ ಕೆಲಸ ಹೋಗುತ್ತದೆ, ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಮಂಡಳಿ ನಿಮ್ಮ ನಿರ್ಲಕ್ಷ್ಯವೆಂದು ಬರೆದರೆ ಆ ಕಡತ ಪೊಲೀಸರಿಗೆ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನೋಡುತ್ತ ಕೂರುವ ಮೈದುನ ನಾನಲ್ಲ. ನೀವು ವಾಕಿಟಾಕಿ ಹಿಡಿದದ್ದು, ಎರಡು ಬೆರಳು ಎತ್ತಿದ್ದು, ಎಂಟು ನಿಮಿಷ ಎಲ್ಲಿಂದ ಬಂತೆಂಬುದು, ಎಲ್ಲವನ್ನೂ ಹೇಳುತ್ತೇನೆ. ಸಂಘ ಮುರಿದರೆ ಮುರಿಯಲಿ. ಜನ ನನಗೆ ಉಗಿದು ಉಪ್ಪಿನಕಾಯಿ ಹಾಕಲಿ. ನೀವು ಗುರುವಾರ ಬಂದು ಮುಂದಿನ ಸಾಲಿನಲ್ಲಿ ಕೂತರೆ ನನಗೆ ಧೈರ್ಯ. ಬರಲಾಗದಿದ್ದರೂ ಚಿಂತೆಯಿಲ್ಲ, ನಾನಿದ್ದೇನೆ.

ಅಂಗಡಿಗೆ ಗಿರಾಕಿ ಬಂದರು. ಇದನ್ನು ಇವತ್ತಿನ ಟಪಾಲಿಗೆ ಹಾಕುತ್ತೇನೆ. ಎದ್ದು ನಾಲ್ಕು ಹೆಜ್ಜೆ ಹೊರಗೆ ಓಡಾಡಿ, ಅಕ್ಕ ಬಡಿಸಿದ್ದನ್ನು ಉಣ್ಣಿ.

ಇಂತಿ ನಿಮ್ಮ ಕೈಹಿಡಿದು ಟ್ರ್ಯಾಕ್ ನೋಡಿದ,
ಮೈದುನ

ತಾ.ಕ. ಇವತ್ತು ಶನಿವಾರ. ಪತ್ರವನ್ನು ಮಂಗಳವಾರ ಟಪಾಲಿಗೆ ಹಾಕಲಿಲ್ಲ. ನೀವು ಗುರುವಾರ ಬರಲಿಲ್ಲ, ಅಕ್ಕನ ಕೈಯಲ್ಲಿ ಒಂದು ಚೀಟಿ ಕಳಿಸಿದಿರಿ. ಮಂಡಳಿಯ ಅಧ್ಯಕ್ಷರು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು: ನಾನು ಹೇಳುವುದೇನೂ ಇಲ್ಲ, ನನ್ನ ಮೈದುನ ನೋಡಿದ್ದಾನೆ, ಅವನು ಹೇಳುತ್ತಾನೆ. ಆಮೇಲೆ ನನ್ನನ್ನು ಕರೆದರು. ಅಳಿಲಿನ ಅಪ್ಪ ಎದುರಿಗೇ ಕೂತು ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಕಾರನ್ನು ನೋಡುತ್ತಿದ್ದೆ ಎಂದೆ. ಸೋಮವಾರ ಮಂಡಳಿಯಲ್ಲಿ ನನ್ನ ಮೊದಲ ಸಭೆ. ನಾನು ನಿಜವಾಗಿ ನೋಡಿರಲಿಲ್ಲವೆಂದು ಅಕ್ಕ ನಂಬಿದ್ದಾಳೆ. ನೋಡಿದ್ದಿದ್ರೆ ನೀನು ಹೇಳದೆ ಇರ್ತಿದ್ಯಾ, ಇವರಿಗೆ ಏನೋ ಭ್ರಮೆ ಎಂದು ಬಸ್ ನಿಲ್ದಾಣದಲ್ಲಿ ನನ್ನ ಬೆನ್ನು ಸವರಿದಳು. ಬಸ್ ಹತ್ತುವಾಗ ಊಟ ಆಯ್ತೇನೋ ಎಂದು ಕೇಳಿದಳು. ಆಯ್ತಕ್ಕಾ ಎಂದೆ.